ಆಷಾಢಕ್ಕೊಂದು ದಾರಿ, ಸುಗ್ಗಿಗೊಂದು ದಾರಿ

ಸಿದ್ದಾಪುರದಿಂದ ಮೊಳಕಾಲ್ಮುರಿಗೆ ಸುಮಾರು 15 ಕಿಲೋಮೀಟರ್. ನಾನು ಹೈಸ್ಕೂಲಿಗೆ ಸೇರಿದ ಎಂಬತ್ತರ ದಶಕದಲ್ಲಿ ಸೈಕಲ್ಲಿನವರು ಅಲ್ಲಿಗೆ ಮೂರು ದಾರಿ ಹೇಳುತ್ತಿದ್ದರು. ಒಂದು, ಪಡುವಣಕ್ಕೆ ಹೊರಟು ಬಳ್ಳಾರಿ ರಸ್ತೆ ಸೇರಿ, ಡಾಂಬರಿನ ಮೇಲೆ ದಕ್ಷಿಣಕ್ಕೆ ಹಾನಗಲ್ ತನಕ ಹೋಗಿ, ಅಲ್ಲಿಂದ ಮೊಳಕಾಲ್ಮುರಿನ ಕಡೆ ತಿರುಗುವುದು. ಐದಾರು ಕಿಲೋಮೀಟರ್ ಸುತ್ತು. ಇನ್ನೊಂದು, ಹಳ್ಳಿಯಿಂದ ಹಳ್ಳಿಗೆ ಹೋಗುವ ಒಳದಾರಿ. ಅರ್ಧ ಜಲ್ಲಿ, ಅರ್ಧ ಮಣ್ಣು. ಮೂರನೆಯದು ಬಂಡಿ ಜಾಡು. ಗುಡ್ಡದ ಬುಡ ಹಿಡಿದು, ಹಳ್ಳ ದಾಟಿ, ಹೊಲದ ಬದುಗಳ ಪಕ್ಕದಲ್ಲೇ ಸಾಗುವ ಅದು ಎಲ್ಲಕ್ಕಿಂತ ಹತ್ತಿರದ ದಾರಿ.

ಈ ಮೂರರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ನಮ್ಮೂರ ಹಿರಿಯರು ಉತ್ತರ ಕೊಡುತ್ತಿರಲಿಲ್ಲ, ತಿರುಗಿ ಕೇಳುತ್ತಿದ್ದರು: "ಈಗ ಯಾವ ಮಳೆ ನಡೀತೈತೆ?" ಆರಿದ್ರಾ ಆದರೆ ಒಂದು ದಾರಿ, ಉತ್ತರೆ ಆದರೆ ಇನ್ನೊಂದು. ಬಿತ್ತನೆಗೆ ಹೇಗೋ ಹಾಗೇ ಸೈಕಲ್ಲಿಗೂ ಅವರು ಮಳೆ ನಕ್ಷತ್ರ ನೋಡುತ್ತಿದ್ದರು. ಇದು ಎಷ್ಟು ನಿಜ ಎಂಬುದು ನನಗೆ ತುಳಿಯುತ್ತ ತುಳಿಯುತ್ತ ತಿಳಿಯಿತು. ದಿನಾ ಹೋಗಿಬರುವವನಿಗೆ ಒಂದೇ ಒಳ್ಳೆಯ ದಾರಿ ಅಂತ ಇರುವುದಿಲ್ಲ. ಕಾಲಕ್ಕೆ ತಕ್ಕ ದಾರಿ ಇರುತ್ತದೆ, ಹೊತ್ತಿಗೆ ತಕ್ಕ ದಾರಿ ಇರುತ್ತದೆ, ತುಳಿಯುವವರು ಯಾರು ಎಂಬುದಕ್ಕೆ ತಕ್ಕ ದಾರಿಯೂ ಇರುತ್ತದೆ.

ಮೊದಲು ಗಾಳಿಯ ಮಾತು. ಮೊಳಕಾಲ್ಮುರು, ಚಳ್ಳಕೆರೆ ಸೀಮೆ ಮಳೆಯ ನೆರಳಿನಲ್ಲಿರುವ ನೆಲ. ಮುಂಗಾರಿನ ಮೋಡ ಪಡುವಣ ಘಟ್ಟದಲ್ಲಿ ನೀರು ಸುರಿಸಿ, ನಮ್ಮ ಕಡೆಗೆ ಬರುವಷ್ಟರಲ್ಲಿ ಬರೀ ಗಾಳಿ ಉಳಿದಿರುತ್ತದೆ. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲೂ ಹೆಚ್ಚು ಬೀಳುವುದು ಉತ್ತರೆ, ಹಸ್ತ, ಚಿತ್ತೆಯಲ್ಲಿ. ಆಷಾಢದಲ್ಲಿ ನಮಗೆ ಸಿಗುವುದು ನೈಋತ್ಯದ ಬಿರುಗಾಳಿ ಮಾತ್ರ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಸಮತಟ್ಟು ನೆಲದಲ್ಲಿ ಸೈಕಲ್ ತುಳಿಯುವವನ ಶ್ರಮದ ದೊಡ್ಡ ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮೈಗೆ ಬಡಿಯುವ ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಡೆ ನಾಲ್ಕು ಪಟ್ಟಾಗುತ್ತದೆ. ಇದನ್ನು ಲೆಕ್ಕದಲ್ಲಿ ಓದಿದ್ದು ಆಮೇಲೆ. ತೊಡೆಗೆ ಅದು ಮೊದಲೇ ಗೊತ್ತಿತ್ತು.

ಮೊಳಕಾಲ್ಮುರು ನಮಗೆ ದಕ್ಷಿಣಕ್ಕೆ, ತುಸು ಪಡುವಣಕ್ಕೆ ವಾಲಿದಂತೆ ಇದೆ. ಎಂದರೆ ಆಷಾಢದಲ್ಲಿ ಬೆಳಿಗ್ಗೆ ಹೋಗುವಾಗ ಗಾಳಿ ಎದುರಿಗೆ, ಸಂಜೆ ಬರುವಾಗ ಬೆನ್ನಿಗೆ. ಇದು ನಮ್ಮ ಪುಣ್ಯ. ಬೆಳಗಿನ ಜಾವದಲ್ಲಿ ಗಾಳಿ ಇನ್ನೂ ಬಲ ತೆಗೆದುಕೊಂಡಿರುವುದಿಲ್ಲ. ಹೊತ್ತು ಏರಿ ನೆಲ ಕಾದಂತೆಲ್ಲ ಅದಕ್ಕೆ ರಭಸ ಬರುತ್ತದೆ, ಮಧ್ಯಾಹ್ನದ ಹೊತ್ತಿಗೆ ಧೂಳೆಬ್ಬಿಸಿ ಕುಣಿಯುತ್ತದೆ. ಹೊತ್ತು ಮೂಡುವ ಮುಂಚೆ ಹೊರಟವನು ಅರ್ಧ ಗಾಳಿಯನ್ನು ಮನೆಯಲ್ಲೇ ಗೆದ್ದಿರುತ್ತಾನೆ. ದಸರಾ ಕಳೆದು ಗಾಳಿ ಈಶಾನ್ಯಕ್ಕೆ ತಿರುಗಿದ ಮೇಲೆ ಲೆಕ್ಕವೂ ತಿರುಗುತ್ತದೆ: ಹೋಗುವಾಗ ಹಗುರ, ಬರುವಾಗ ಭಾರ. ಆದರೆ ಆ ಗಾಳಿಗೆ ಅಂಥ ಶಕ್ತಿ ಇಲ್ಲ.

ಗಾಳಿ ಜೋರಿರುವ ತಿಂಗಳುಗಳಲ್ಲಿ ಬಳ್ಳಾರಿ ರಸ್ತೆ ನಮಗೆ ಬೇಡವಾಗಿತ್ತು. ಬಯಲಲ್ಲಿ ಎತ್ತರಿಸಿ ಕಟ್ಟಿದ ರಸ್ತೆ ಅದು. ಪಕ್ಕದಿಂದ ಹೊಡೆಯುವ ಗಾಳಿಗೆ ಸೈಕಲ್ ಒಂದು ಮೊಳ ಆಚೆ ಸರಿಯುತ್ತದೆ. ಅದೇ ಗಳಿಗೆಯಲ್ಲಿ ಲಾರಿಯೊಂದು ಹಾದುಹೋದರೆ ಅದರ ಮೈ ಗಾಳಿಯನ್ನು ತಡೆದು, ಹಾದ ಮೇಲೆ ಥಟ್ಟನೆ ಬಿಟ್ಟುಕೊಡುತ್ತದೆ. ಆ ಒಂದು ಕ್ಷಣದ ಓಲಾಟ ಎಷ್ಟು ಅಪಾಯ ಎಂಬುದು ತುಳಿದವರಿಗೇ ಗೊತ್ತು. ಒಳದಾರಿಯಲ್ಲಿ ಹಾಗಲ್ಲ. ಅಲ್ಲಿ ಬೇಲಿ ಇದೆ, ಕೆರೆ ಏರಿ ಇದೆ, ಹಳ್ಳಿಯ ಗೋಡೆಗಳಿವೆ, ಜಾಲಿ ಮೆಳೆ ಇದೆ. ದಾರಿ ಕೆಟ್ಟದಾದರೂ ಗಾಳಿ ಮುರಿಯುತ್ತದೆ. ಆಷಾಢಕ್ಕೆ ಒಳದಾರಿ.

ಆದರೆ ಜಾಲಿ ಇದ್ದಲ್ಲಿ ಮುಳ್ಳು. ನಮ್ಮ ಸೀಮೆಯ ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿಯನ್ನೇ ತೂರಿ ಬರುವಂಥದ್ದು, ಸೈಕಲ್ ಟೈರು ಅದಕ್ಕೆ ಯಾವ ಲೆಕ್ಕ? ಮೊಳಕಾಲ್ಮುರಿನಲ್ಲಿ ನಾವೆಲ್ಲ ತಾತ ಎಂದು ಕರೆಯುತ್ತಿದ್ದ ಒಬ್ಬರ ಸೈಕಲ್ ಶಾಪಿತ್ತು. ದಾರಿ ಆರಿಸುವ ವಿದ್ಯೆಯಲ್ಲಿ ನನಗೆ ಗುರು ಅವರೇ. ಪಂಕ್ಚರ್ ಹಾಕುವಾಗ ಟೈರಿನಿಂದ ಕಿತ್ತ ಮುಳ್ಳನ್ನು ಅವರು ಬಿಸಾಡುತ್ತಿರಲಿಲ್ಲ. ಸೊಲ್ಯೂಷನ್ ಡಬ್ಬಿಯ ಮುಚ್ಚಳದಲ್ಲಿಟ್ಟು, ಬೆರಳಲ್ಲಿ ಹೊರಳಿಸಿ ನೋಡಿ, ನಾನು ಯಾವ ಕಡೆಯಿಂದ ಬಂದೆ ಎಂದು ಅವರೇ ಹೇಳುತ್ತಿದ್ದರು. ಉದ್ದನೆಯ ನೆಟ್ಟ ಮುಳ್ಳಾದರೆ ಜಾಲಿ. ಎಲ್ಲೋ ಸೌದೆಗೆ ಕಡಿದು ದಾರಿಯ ಮೇಲೆ ಎಳೆದಿದ್ದಾರೆ. ಮೂರು ಮೂಲೆಯ ಗಿಡ್ಡ ಮುಳ್ಳಾದರೆ ನೆಗ್ಗಿಲು. ಹೊಲದ ಬದುವಿನ ಮೇಲೆ ಬಂದಿದ್ದೀಯ.

"ಈ ಜಾಲಿ ಹಸೀದು ಕಣಪ್ಪ. ನಿನ್ನೆ ಮೊನ್ನೆ ಕಡ್ದಿರೋದು. ಇನ್ನೊಂದು ಎಂಟು ದಿನ ಆ ಕಡೆ ಹೋಗ್ಬ್ಯಾಡ, ಬಂಡಿ ಓಡಾಡಿ ಮುಳ್ಳು ಪುಡಿಯಾಗ್ಲಿ" ಎನ್ನುತ್ತಿದ್ದರು. ದಿನಾ ನೂರಾರು ಟೈರು ಅವರ ಕೈಮೇಲೆ ಹಾದುಹೋಗುತ್ತಿದ್ದುದರಿಂದ ತಾಲ್ಲೂಕಿನ ಯಾವ ದಾರಿ ಈ ವಾರ ಹೇಗಿದೆ ಎಂಬುದು ಅವರಿಗೆ ಅಂಗಡಿಯಲ್ಲಿ ಕೂತೇ ತಿಳಿಯುತ್ತಿತ್ತು. ಹೊಸ ಊರಿಗೆ ಹೋಗಿ ದಾರಿ ಹುಡುಕುವವರಿಗೆ ನಾನು ಇವತ್ತಿಗೂ ಹೇಳುವುದು ಇದನ್ನೇ. ಮೊದಲು ಆ ಊರಿನ ಪಂಕ್ಚರ್ ಅಂಗಡಿಯಲ್ಲಿ ಹತ್ತು ನಿಮಿಷ ಕೂತು ಬನ್ನಿ.

ನೆಗ್ಗಿಲಿನ ಕಾಟ ಬೇರೆ ಥರ. ಮಳೆ ಬಿದ್ದ ಮೇಲೆ ಹಳದಿ ಹೂ ಬಿಟ್ಟು ನೆಲಕ್ಕೆ ಹರಡುವ ಆ ಬಳ್ಳಿ ಹಸಿರಿದ್ದಾಗ ಏನೂ ಮಾಡದು. ಕಾಯಿ ಒಣಗುವ ಹೊತ್ತಿಗೆ, ಎಂದರೆ ಶೇಂಗಾ ಕೀಳುವ ಕಾಲಕ್ಕೆ ಸರಿಯಾಗಿ, ದಾರಿಯ ಅಂಚೆಲ್ಲ ಅದರ ಮುಳ್ಳು. ಆಗ ಬಂಡಿ ಜಾಡಿನಲ್ಲಿ ಗಾಲಿ ಓಡಾಡುವ ಗೆರೆಯನ್ನೇ ಹಿಡಿಯಬೇಕು, ನಡುವಿನ ಹುಲ್ಲಿಗೆ ಇಳಿಯಬಾರದು. ಸುಗ್ಗಿಯಲ್ಲಿ ಡಾಂಬರು ರಸ್ತೆಗೂ ಅದರದೇ ತಾಪತ್ರಯವಿತ್ತು. ಕಣ ಮಾಡಲು ಜಾಗವಿಲ್ಲದವರು ಹುರುಳಿ, ಸಜ್ಜೆ, ನವಣೆಯನ್ನು ರಸ್ತೆಗೆ ಹರವಿಬಿಡುತ್ತಿದ್ದರು, ಬಸ್ಸು ಲಾರಿಗಳೇ ತುಳಿದು ಒಕ್ಕಲಿ ಎಂದು. ಸಜ್ಜೆ ತೆನೆಯ ಮೇಲೆ ಟೈರು ಜಾರುತ್ತದೆ. ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಂಡರೆ ಕೆಳಗಿಳಿದು ಬಿಡಿಸಿಯೇ ಮುಂದಕ್ಕೆ ಹೋಗಬೇಕು. ರೈತರ ಮೇಲೆ ನನಗೆ ಸಿಟ್ಟಿರಲಿಲ್ಲ, ನಮ್ಮ ಮನೆಯ ಹುರುಳಿಯೂ ಅದೇ ರಸ್ತೆಯ ಮೇಲೆ ಒಕ್ಕಣೆಯಾಗುತ್ತಿತ್ತು. ಆ ತಿಂಗಳಲ್ಲಿ ಅತ್ತ ಹೋಗದಿದ್ದರೆ ಆಯಿತು.

ನೆಲದ ಗುಣವೂ ದಾರಿಯನ್ನು ಆಳುತ್ತದೆ. ಚಿನ್ನ ಹಗರಿಯ ಬಯಲಿನಲ್ಲಿ ಕೆಂಪು ನೆಲದ ನಡುನಡುವೆ ಎರೆ ಭೂಮಿ ಬರುತ್ತದೆ. ಬೇಸಿಗೆಯಲ್ಲಿ ಎರೆ ನೆಲದ ಜಾಡು ಸಿಮೆಂಟಿನಷ್ಟು ಗಟ್ಟಿ, ತುಳಿಯಲು ಅದರಷ್ಟು ಸುಖ ಇನ್ನೊಂದಿಲ್ಲ. ಆದರೆ ಒಂದು ಹದ ಮಳೆ ಬಿದ್ದರೆ ಮುಗಿಯಿತು. ಜಿಗುಟು ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ ಗಾಲಿಯನ್ನೇ ಹಿಡಿದುಬಿಡುತ್ತದೆ. ಕಡ್ಡಿಯಲ್ಲಿ ಕೆರೆದು ಕೆರೆದು ನಾಲ್ಕು ಮಾರು ಹೋಗಬೇಕು, ಕೊನೆಗೆ ಸೈಕಲ್ಲನ್ನೇ ಹೆಗಲಿಗೆ ಹೊರಬೇಕು. ಕೆಂಪು ನೆಲ ಹಾಗಲ್ಲ, ಮಳೆ ನಿಂತ ಗಂಟೆಯಲ್ಲಿ ನೀರಿಂಗಿ ಗಟ್ಟಿಯಾಗುತ್ತದೆ. ಹಳ್ಳ ದಾಟುವ ಕಡೆ ಮರಳು; ಅದರಲ್ಲಿ ಬೇಸಿಗೆಗೂ ಇಳಿದೇ ತಳ್ಳಬೇಕು. ಉತ್ತರೆ ಮಳೆ ಹಿಡಿದ ಮೇಲೆ ನಾವು ಸುತ್ತಾದರೂ ಸರಿ ಎಂದು ಬಳ್ಳಾರಿ ರಸ್ತೆಗೇ ಹೋಗುತ್ತಿದ್ದುದು ಇದಕ್ಕೆ. ಅಷ್ಟು ಹೊತ್ತಿಗೆ ಗಾಳಿಯೂ ತಗ್ಗಿರುತ್ತಿತ್ತು.

ಗುಡ್ಡದ ಬುಡದ ಜಾಡಿಗೆ ಇನ್ನೊಂದು ನಿಯಮವಿತ್ತು. ನಮ್ಮ ಕಲ್ಲುಗುಡ್ಡಗಳಲ್ಲಿ ಕರಡಿಗಳಿವೆ. ಸೀತಾಫಲ ಹಣ್ಣಾಗುವ ಕಾಲಕ್ಕೆ ಅವು ಕೆಳಗಿಳಿಯುತ್ತವೆ, ಹೊತ್ತು ಮುಳುಗುವಾಗ ಮತ್ತು ನಸುಕಿನಲ್ಲಿ. ಕರಡಿಗೆ ಕಣ್ಣು ಮಂದ. ಸದ್ದಿಲ್ಲದೆ ಬರುವ ಸೈಕಲ್ ತೀರ ಹತ್ತಿರಕ್ಕೆ ಬಂದಾಗಲೇ ಅದಕ್ಕೆ ಗೊತ್ತಾಗುವುದು, ಬೆಚ್ಚಿ ಮೈಮೇಲೆ ಬರುವುದೂ ಆಗಲೇ. ಹಾಗಾಗಿ ಆ ದಿನಗಳಲ್ಲಿ ಸಂಜೆಯ ಹೊತ್ತು ಜಾಡು ಬೇಡ, ಹೋಗಲೇಬೇಕಾದರೆ ಇಬ್ಬರು ಮೂವರು ಜೋರಾಗಿ ಮಾತಾಡುತ್ತ, ಬೆಲ್ಲು ಹೊಡೆಯುತ್ತ ಹೋಗಬೇಕು. ದೇವರ ಎತ್ತುಗಳ ಮಂದೆ ಎದುರಾದಾಗ ಮಾತ್ರ ಬೆಲ್ಲು ಮುಟ್ಟಬಾರದು. ಮ್ಯಾಸನಾಯಕರ ಆ ಎತ್ತುಗಳನ್ನು ಕಿಲಾರಿಗಳು ಊರೂರು ಮೇಯಿಸುತ್ತಾರೆ. ಅವುಗಳ ಮುಂದೆ ನಾವು ಸೈಕಲ್ಲಿನಿಂದ ಇಳಿದು, ಚಪ್ಪಲಿ ಬಿಟ್ಟು, ಪಕ್ಕಕ್ಕೆ ನಿಂತು ಮಂದೆ ದಾಟಿದ ಮೇಲೆಯೇ ಹತ್ತುತ್ತಿದ್ದೆವು.

ನೇಕಾರಿಕೆಯ ನಮ್ಮ ಚಿಕ್ಕಪ್ಪನ ಆಯ್ಕೆ ಬೇರೆಯೇ ಇತ್ತು. ಮೊಳಕಾಲ್ಮುರು ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಅದಕ್ಕೂ ಬಹಳ ಹಿಂದಿನಿಂದ ರೇಷ್ಮೆಯ ಹಾಸು, ನೇಯ್ದ ಸೀರೆ ಎರಡೂ ಸೈಕಲ್ ಕ್ಯಾರಿಯರಿನ ಮೇಲೆಯೇ ಓಡಾಡಿದವು. ಬಿಳಿ ಪಂಚೆಯಲ್ಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಹೊದಿಸಿ ಕಟ್ಟಿದ ಹಾಸಿಗೆ ಧೂಳು ತಾಗಬಾರದು, ಕುಲುಕಾಟವೂ ಆಗಬಾರದು. ಚಿಕ್ಕಪ್ಪ ಗಾಳಿಗೂ ಹೆದರುತ್ತಿರಲಿಲ್ಲ, ದೂರಕ್ಕೂ ಹೆದರುತ್ತಿರಲಿಲ್ಲ. ವಾಹನಗಳಿಲ್ಲದ ನಸುಕಿನಲ್ಲಿ ಡಾಂಬರಿನ ಮೇಲೆ ಹೋಗಿ, ಸೂರ್ಯ ಮೇಲೆ ಬರುವಷ್ಟರಲ್ಲಿ ತಲುಪಿಬಿಡುತ್ತಿದ್ದರು. ಒಂದೇ ಮನೆಯ ಇಬ್ಬರು, ಒಂದೇ ಊರಿಗೆ, ಒಂದೇ ದಿನ, ಎರಡು ದಾರಿಯಲ್ಲಿ ಹೋಗುತ್ತಿದ್ದೆವು, ಇಬ್ಬರದೂ ಸರಿಯಾದ ದಾರಿಯೇ.

ಈ ಜಾಗದಲ್ಲಿ ದಾರಿಯ ಯೋಚನೆ ಬಂದಾಗ ನನಗೆ ಬಂಡೆಗಳ ನೆನಪಾಗದೆ ಇರುವುದಿಲ್ಲ. ನಮ್ಮ ಸಿದ್ದಾಪುರವನ್ನು ಅಶೋಕ ಸಿದ್ದಾಪುರ ಎಂದೇ ಹೊರಗಿನವರು ಕರೆಯುತ್ತಾರೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ, ಈ ಮೂರೂ ಕಡೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ ಅಗೆತ ಮಾಡಿ, ಶಿಲಾಯುಗದ ಕೊಡಲಿಯಿಂದ ಹಿಡಿದು ಇಲ್ಲಿ ಜನವಸತಿ ಎಷ್ಟು ಹಳೆಯದು ಎಂದು ತೋರಿಸಿದರು. ಶಾಸನ ಶುರುವಾಗುವುದು ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುವುದರಿಂದ. ಇಸಿಲ ಎಂದರೆ ಇದೇ ನಮ್ಮ ನೆಲ. ಬರೆದ ಲಿಪಿಕಾರ ಚಪಡ ತನ್ನ ಕೆಲಸದ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ದೂರದ ವಾಯವ್ಯದ ಲಿಪಿ. ಆ ಅಕ್ಷರ ಬಲ್ಲವನೊಬ್ಬ ಇಲ್ಲಿಯ ತನಕ ಬಂದನೆಂದರೆ, ಬರುವುದಕ್ಕೆ ಒಂದು ದಾರಿ ಇತ್ತು.

ಕೆಲವೇ ಮೈಲಿಗಳೊಳಗೆ ಒಂದೇ ಮಾತನ್ನು ಮೂರು ಕಡೆ ಬರೆಸಿದ್ದೇಕೆ ಎಂದು ವಿದ್ವಾಂಸರು ಬೇರೆ ಬೇರೆ ಹೇಳಬಹುದು. ದಿನಾ ಅದೇ ಬಂಡೆಗಳ ಪಕ್ಕದಲ್ಲಿ ಸೈಕಲ್ ತುಳಿದ ನನಗೆ ಅನ್ನಿಸಿದ್ದು ಇಷ್ಟೆ: ಮೂರೂ ಕಡೆ ಬೇರೆ ಬೇರೆ ಜನ ಹಾದುಹೋಗುತ್ತಿದ್ದಿರಬೇಕು. ಸಿದ್ದಾಪುರದ ಬಂಡೆಯನ್ನು ನಮ್ಮವರು ಎಮ್ಮೆ ತಮ್ಮನ ಗುಂಡು ಎನ್ನುತ್ತಾರೆ. ಜಟಿಂಗ ರಾಮೇಶ್ವರದ್ದು ಬಳೆಗಾರ ಗುಂಡು, ಜಾತ್ರೆಯಲ್ಲಿ ಬಳೆಗಾರರು ಅಲ್ಲೇ ಕೂರುತ್ತಿದ್ದರು. ಒಂದು ದನಕಾಯುವವರ ಹಾದಿ, ಇನ್ನೊಂದು ಜಾತ್ರೆಗೆ ಹೋಗುವವರ ಹಾದಿ. ಜನ ಎಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲಿ ಓದಿಸುವುದು ಸುಲಭ. ದಾರಿಬದಿಯಲ್ಲಿ ನೆರಳಿಗೆ ಆಲದ ಮರ, ಮಾವಿನ ತೋಪು, ಬಾವಿ, ತಂಗುಮನೆ ಮಾಡಿಸಿದೆ ಎಂದು ಅಶೋಕ ಹೇಳಿಕೊಳ್ಳುವುದು ನಮ್ಮ ಬಂಡೆಯ ಮೇಲಲ್ಲ, ಈಗ ದೆಹಲಿಯಲ್ಲಿರುವ ಕಂಬದ ಏಳನೆಯ ಶಾಸನದಲ್ಲಿ. ಅದನ್ನು ಓದಿದಾಗ ನನಗೆ ರೋಮಾಂಚನವಾಯಿತು. ನಡೆಯುವವನ ಗಂಟಲು ಎಷ್ಟು ದೂರಕ್ಕೆ ಒಣಗುತ್ತದೆ, ದನ ಎಷ್ಟು ಹೊತ್ತಿಗೆ ನೆರಳು ಹುಡುಕುತ್ತದೆ ಎಂದು ಒಬ್ಬ ದೊರೆ ಲೆಕ್ಕ ಹಾಕಿದ್ದ. ಏಪ್ರಿಲ್ ತಿಂಗಳ ನಮ್ಮ ಬಿಸಿಲಿನಲ್ಲಿ ದಾರಿಯ ಗುಣವನ್ನು ನಾವು ಅಳೆಯುತ್ತಿದ್ದುದೂ ಹಾಗೇ. ಯಾವ ಹುಣಸೆ ಮರದಿಂದ ಯಾವ ಬೇವಿನ ಮರಕ್ಕೆ ಎಷ್ಟು ದೂರ, ನಡುವೆ ಬೋರ್‌ವೆಲ್ ಪಂಪು ಇದೆಯೋ ಇಲ್ಲವೋ.

ಮೇಷ್ಟ್ರಾದ ಮೇಲೆ ನನ್ನ ದಿಕ್ಕು ಬದಲಾಯಿತು. ಶಾಲೆ ಪಡುವಣದಲ್ಲಿ, ಬಳ್ಳಾರಿ ಹೆದ್ದಾರಿಯ ಆಚೆಗಿನ ಹಳ್ಳಿಯಲ್ಲಿ. ಬೆಳಿಗ್ಗೆ ಪಡುವಣಕ್ಕೆ, ಸಂಜೆ ಮೂಡಣಕ್ಕೆ. ಸೂರ್ಯ ಎರಡು ಹೊತ್ತೂ ನನ್ನ ಬೆನ್ನಿಗೆ. ಕಣ್ಣಿಗೆ ಇದು ಹಿತ. ಆದರೆ ಎದುರಿನಿಂದ ಬರುವ ಡ್ರೈವರಿನ ಕಣ್ಣಿಗೆ ಅದೇ ಸೂರ್ಯ ಹೊಡೆಯುತ್ತಿರುತ್ತಾನೆ, ಅವನಿಗೆ ನಾನು ಕಾಣುವುದಿಲ್ಲ. ಇದನ್ನು ನಾನು ಮಕ್ಕಳಿಗೆ ಪಾಠದ ಹಾಗೆ ಹೇಳಿಕೊಟ್ಟಿದ್ದೇನೆ. ನಿನ್ನ ನೆರಳು ನಿನ್ನ ಮುಂದೆ ಉದ್ದಕ್ಕೆ ಬಿದ್ದಿದೆಯೋ, ಎದುರಿಗೆ ಬರುವವನಿಗೆ ನೀನು ಕಾಣುತ್ತಿಲ್ಲ ಎಂದು ತಿಳಿದುಕೋ.

ಹೆದ್ದಾರಿ ದಾಟುವುದೇ ಆ ದಾರಿಯ ಕಷ್ಟದ ಜಾಗ. ಗಣಿಗಾರಿಕೆ ಜೋರಾಗಿದ್ದ ವರ್ಷಗಳಲ್ಲಿ ಅದಿರಿನ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ಸುಪ್ರೀಂ ಕೋರ್ಟು 2011ರಲ್ಲಿ ಬಳ್ಳಾರಿ, ಆಮೇಲೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸಿದ ಮೇಲೆಯೇ ರಸ್ತೆಯಂಚಿನ ಗಿಡಗಳ ಎಲೆ ಹಸಿರಾಗಿ ಕಂಡದ್ದು. ಹೆದ್ದಾರಿಗೆ ಹತ್ತಿರದ ದಾರಿ ಒಂದು ತಿರುವಿನ ಬಳಿ ಸೇರುತ್ತಿತ್ತು. ಅಲ್ಲಿ ಎರಡೂ ಕಡೆ ದೂರ ಕಾಣುವುದಿಲ್ಲ. ಅದನ್ನು ಬಿಟ್ಟು, ಬಸ್ಸು ನಿಲ್ಲುವ ಗೇಟಿನ ಹತ್ತಿರ ದಾಟುವ ದಾರಿಯನ್ನು ಹಿಡಿದೆ. ಅಲ್ಲಿ ರಸ್ತೆ ನೆಟ್ಟಗಿದೆ, ಟೀ ಅಂಗಡಿ ಇದೆ, ಬಸ್ಸಿಗೆ ಕಾಯುವ ಜನ ಇರುತ್ತಾರೆ. ಜನ ನಿಂತಿದ್ದನ್ನು ಕಂಡರೆ ಲಾರಿಯವರ ಕಾಲು ತಾನಾಗಿ ಬ್ರೇಕಿನ ಕಡೆ ಹೋಗುತ್ತದೆ. ಒಂದೂವರೆ ಕಿಲೋಮೀಟರ್ ಹೆಚ್ಚಾಯಿತು, ನೆಮ್ಮದಿಯೂ ಹೆಚ್ಚಾಯಿತು.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದಾಗ ನಮ್ಮ ಶಾಲೆಯ ಅಂಗಳಕ್ಕೂ ಸೈಕಲ್ಲುಗಳು ಬಂದವು. ನನ್ನ ನೌಕರಿಯಲ್ಲಿ ಅಷ್ಟು ಸಂಭ್ರಮದ ದಿನ ಇನ್ನೊಂದಿಲ್ಲ. ಹ್ಯಾಂಡಲಿಗೆ ಸುತ್ತಿದ ಪ್ಲಾಸ್ಟಿಕ್ಕನ್ನು ತಿಂಗಳುಗಟ್ಟಲೆ ತೆಗೆಯದೆ ಓಡಿಸಿದ ಮಕ್ಕಳಿದ್ದರು. ಅದೇ 2006ರಲ್ಲಿ ಬಿಹಾರ ಸರ್ಕಾರವೂ ಒಂಬತ್ತನೇ ತರಗತಿಗೆ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ ಯೋಜನೆ ತಂದಿತ್ತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿ, ಹೈಸ್ಕೂಲಿನಿಂದ ದೂರವಿದ್ದ ಹಳ್ಳಿಗಳಲ್ಲಿಯೇ ಹುಡುಗಿಯರ ದಾಖಲಾತಿ ಹೆಚ್ಚು ಏರಿತು ಎಂದು ತೋರಿಸಿದರು. ನಮ್ಮ ಶಾಲೆಯಲ್ಲಿ ನಾನು ಕಣ್ಣಾರೆ ಕಂಡದ್ದೂ ಅದನ್ನೇ. ಏಳನೆಯದಕ್ಕೆ ನಿಲ್ಲಬೇಕಿದ್ದ ಹುಡುಗಿಯರು ಎಂಟಕ್ಕೆ ಬಂದರು, ಎಂಟಕ್ಕೆ ಬಂದವರು ಹತ್ತು ಮುಗಿಸಿದರು.

ಸೈಕಲ್ ಬಂದ ವಾರದಲ್ಲೇ ಇಬ್ಬರು ತಾಯಂದಿರು ಶಾಲೆಗೆ ಬಂದರು. "ಗಾಡಿ ಕೊಟ್ರಿ ಸರಿ ಮೇಷ್ಟ್ರೇ, ಯಾವ ದಾರ್ಯಾಗೆ ಕಳ್ಸೋದು ಹೇಳ್ರಿ" ಎಂದರು. ಅದಕ್ಕಿಂತ ಸರಿಯಾದ ಪ್ರಶ್ನೆಯನ್ನು ಆ ಯೋಜನೆಯ ಬಗ್ಗೆ ಯಾರೂ ಕೇಳಿರಲಿಲ್ಲ. ಒಂದು ಭಾನುವಾರ ಹುಡುಗಿಯರನ್ನು, ಅವರ ಅಣ್ಣತಮ್ಮಂದಿರನ್ನು ಕರೆದುಕೊಂಡು ನಾನೇ ಹೊರಟೆ. ನೆರಳಿದೆ, ಹತ್ತಿರವಿದೆ ಎಂದು ತೋಪಿನ ಪಕ್ಕದ ದಾರಿ ತೋರಿಸಿದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವರಲ್ಲೊಬ್ಬಳು, "ಬ್ಯಾಡ ಸಾ, ನಾವು ಹಟ್ಟಿ ಮುಂದಾಸೆ ಹೋಗ್ತೀವಿ" ಎಂದಳು. ಹಟ್ಟಿಯ ಮುಂದಿನ ದಾರಿಯಲ್ಲಿ ಒಂದು ಮರವಿಲ್ಲ, ಉರಿಬಿಸಿಲು. ಆದರೆ ಉದ್ದಕ್ಕೂ ಮನೆಗಳಿವೆ, ಜಗಲಿಯ ಮೇಲೆ ಅಜ್ಜಿಯರು ಕೂತಿರುತ್ತಾರೆ, ಕಡ್ಲೆಕಾಯಿ ಬಿಡಿಸುವ ಹೆಂಗಸರಿರುತ್ತಾರೆ, ಯಾರ ಮಗಳು ಎಷ್ಟು ಹೊತ್ತಿಗೆ ಹೋದಳು ಎಂದು ಗುರುತಿಡುವ ಕಣ್ಣುಗಳಿರುತ್ತವೆ. ತೋಪಿನ ಪಕ್ಕದಲ್ಲಿ ಇಸ್ಪೀಟು ಆಡುವವರು ಕೂರುತ್ತಿದ್ದರು. ಹುಡುಗಿಯರ ಲೆಕ್ಕದಲ್ಲಿ ನೆರಳಿಗಿಂತ ಬಾಗಿಲು ತೆರೆದ ಮನೆ ದೊಡ್ಡದು. ಗಾಳಿ, ಮುಳ್ಳು, ಮಣ್ಣು, ನೀರು ಎಂದು ಅಷ್ಟು ವರ್ಷ ನಾನು ಕೂಡಿಟ್ಟುಕೊಂಡಿದ್ದ ತಿಳಿವಳಿಕೆಗೆ ಅವತ್ತು ಆ ಹದಿಮೂರರ ಮಕ್ಕಳು ಎಲ್ಲಕ್ಕಿಂತ ಮುಖ್ಯವಾದದ್ದನ್ನು ಸೇರಿಸಿದರು.

ಅಲ್ಲಿಂದ ಮುಂದೆ ಪ್ರತಿ ವರ್ಷ ಹೊಸ ಸೈಕಲ್ ಬಂದಾಗ ದಾರಿಯನ್ನು ಮಕ್ಕಳೇ ಆರಿಸಬೇಕು ಎಂದು ಮಾಡಿದೆವು. ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಊರು, ಕೆರೆ, ಹಳ್ಳ, ಹೆದ್ದಾರಿ ಬರೆದು, ಎಲ್ಲಿ ನಾಯಿ ಅಟ್ಟಿಸಿಕೊಂಡು ಬರುತ್ತದೆ, ಎಲ್ಲಿ ಸೇಂದಿ ಕುಡಿಯುವವರು ಕೂರುತ್ತಾರೆ, ಎಲ್ಲಿ ನೀರು ಸಿಗುತ್ತದೆ ಎಂದು ಅವರೇ ಗುರುತು ಹಾಕುತ್ತಿದ್ದರು. ಒಂದೇ ಕಡೆಯವರು ಗುಂಪಾಗಿ ಹೊರಡುವುದು, ಹಿಂದಿನವರ ವೇಗಕ್ಕೆ ಮುಂದಿನವರು ತುಳಿಯುವುದು, ಹೆದ್ದಾರಿಯಲ್ಲಿ ಎಲ್ಲರೂ ಇಳಿದು ಒಟ್ಟಿಗೆ ತಳ್ಳಿಕೊಂಡು ದಾಟುವುದು. ಈ ಕಟ್ಟಲೆಗಳೂ ಅವರವೇ.

ಹಾಲೆಂಡಿನ ರಸ್ತೆ ತಜ್ಞರು ಸೈಕಲ್ ದಾರಿಗೆ ಐದು ಗುಣ ಹೇಳುತ್ತಾರೆಂದು ಆಮೇಲೆ ಓದಿದೆ: ನಡುವೆ ಕಡಿಯದೆ ಸಾಗಬೇಕು, ನೇರವಾಗಿರಬೇಕು, ಸುರಕ್ಷಿತವಾಗಿರಬೇಕು, ಆರಾಮವಾಗಿರಬೇಕು, ಹೋಗಲು ಇಷ್ಟವಾಗುವಂತಿರಬೇಕು. ಒಪ್ಪುವ ಮಾತು. ಆದರೆ ಅಲ್ಲಿ ಅಂಥ ದಾರಿಯನ್ನು ಕಟ್ಟಿ ಕೊಡುತ್ತಾರೆ. ನಮ್ಮಲ್ಲಿ ಇರುವ ದಾರಿಗಳಿಂದ ಅದನ್ನು ಸೋಸಿ ತೆಗೆಯುವ ಕೆಲಸ ಹದಿಮೂರು ವರ್ಷದ ಹುಡುಗಿಯ ಮೇಲೆ ಬೀಳುತ್ತದೆ. ಅವಳು ಸೋಸಿಟ್ಟುಕೊಂಡ ದಾರಿಯೂ ಒಂದು ದಿನ ಇಲ್ಲದಂತಾಗಬಹುದು. ಚಳ್ಳಕೆರೆಯ ಕುದಾಪುರ, ದೊಡ್ಡಉಳ್ಳಾರ್ತಿ ಕಡೆಯ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆ ವಿಜ್ಞಾನ, ರಕ್ಷಣೆ ಮುಂತಾದ ಸಂಸ್ಥೆಗಳಿಗೆ ಹೋಯಿತು. ಗೋಡೆ ಎದ್ದ ಮೇಲೆ ಕಾವಲನ್ನು ಹಾದು ಊರಿಂದೂರಿಗೆ ಹೋಗುತ್ತಿದ್ದ ಹಾದಿಗಳು ಮುಚ್ಚಿದವು. ಕುರಿಗೆ ಮೇವು ಹೋದದ್ದರ ಬಗ್ಗೆ ಹೋರಾಟ ನಡೆಯಿತು, ಸುದ್ದಿಯೂ ಆಯಿತು. ಕಾವಲಿನ ನಡುವೆ ಸೈಕಲ್ ತುಳಿಯುತ್ತಿದ್ದ ಹಾಲಿನವನು, ಕೂಲಿಯವನು ಎಷ್ಟು ಸುತ್ತಿದ ಎಂಬುದನ್ನು ಯಾರೂ ಬರೆದಿಡಲಿಲ್ಲ. ದಾರಿ ಎಂದರೆ ನಕ್ಷೆಯಲ್ಲಿ ಇರುವುದು ಮಾತ್ರ ಎಂದು ನಂಬಿದಾಗ ಹೀಗಾಗುತ್ತದೆ.

ಉಚಿತ ಸೈಕಲ್ ಕೋವಿಡ್ ಬಂದ ಮೇಲೆ ನಿಂತುಹೋಯಿತು. ಹೆದ್ದಾರಿ ಅಗಲವಾಗಿ, ಅಂಚಿನ ಹುಣಸೆ ಮರಗಳು ಹೋದವು. ವಾಹನಗಳ ವೇಗ ಇಮ್ಮಡಿಯಾಯಿತು. ಒಳದಾರಿಗೆ ಮಾತ್ರ ಡಾಂಬರು ಬಂತು, ಅದು ಒಳ್ಳೆಯದಾಯಿತು. ಈಗ ನಾನು ನಿವೃತ್ತ. ಅವತ್ತು ಹಟ್ಟಿ ಮುಂದಾಸೆ ಹೋಗುತ್ತೇವೆ ಎಂದ ಹುಡುಗಿ ಈಗ ಅದೇ ಹಟ್ಟಿಯ ಅಂಗನವಾಡಿ ಕಾರ್ಯಕರ್ತೆ. ಅವಳ ಮಗಳು ಬರುವ ವರ್ಷ ಹೈಸ್ಕೂಲಿಗೆ. ಸೈಕಲ್ ಕೊಡಿಸಲು ದುಡ್ಡು ಕೂಡಿಟ್ಟಿದ್ದಾಳೆ, ದಾರಿಯದೇ ಚಿಂತೆ. ಮೊನ್ನೆ ಇಬ್ಬರೂ ಕೂತು ಗ್ರಾಮಸಭೆಗೆ ಒಂದು ಅರ್ಜಿ ಬರೆದೆವು. ಹಳ್ಳಕ್ಕೆ ಒಂದು ಸಣ್ಣ ಸೇತುವೆ, ಗೇಟಿನ ಬಳಿ ಹೆದ್ದಾರಿಗೆ ರಸ್ತೆ ಉಬ್ಬು ಮತ್ತು ದೀಪ, ದಾರಿಯಂಚಿನ ಜಾಲಿಯನ್ನು ವರ್ಷಕ್ಕೆರಡು ಸಲ ಕಡಿಸಿ ಅವತ್ತೇ ಸಾಗಿಸುವುದು, ಹಟ್ಟಿಯ ಮುಂದೆ ಉದ್ದಕ್ಕೂ ಹೊಂಗೆ ಮತ್ತು ಬೇವಿನ ಸಸಿ. ಸಸಿಗೆ ನೀರು ಹಾಕುವ ಜವಾಬ್ದಾರಿಯನ್ನು ಹಟ್ಟಿಯ ಮನೆಯವರು ಬಾಗಿಲಿಗೊಂದರಂತೆ ಹಂಚಿಕೊಂಡಿದ್ದಾರೆ. ಅರ್ಜಿಗೆ ಸಹಿ, ಹೆಬ್ಬೆಟ್ಟು ಎರಡೂ ಬಿದ್ದಿವೆ. ಉತ್ತರೆ ಮಳೆಗೆ ಮುಂಚೆ ಗುಂಡಿ ತೋಡಿಸಬೇಕು.